ಹಳೆಯ ಗಣಕಕ್ಕೆ ಹೊಸ ಮಿದುಳು

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ ಸ್ಥಳವೂ ಕಡಿಮೆ, ಹಣವೂ ಕಡಿಮೆ. ಆದುದರಿಂದ ಒಂದು ವಸ್ತು ಕೆಟ್ಟಿತೆಂದರೆ ಅದನ್ನು ಎಸೆಯುವ ಮೊದಲು ನಾಲ್ಕು ಸಲ ಯೋಚಿಸುವುದು ನಮ್ಮವರ ರೂಢಿ. ಛತ್ರಿಗೆ ಹೊಸ ಕಡ್ಡಿ ಹಾಕಿಸುತ್ತೇವೆ. ಕುಕ್ಕರಿಗೆ ಹೊಸ ರಬ್ಬರು ತರುತ್ತೇವೆ. ಚಪ್ಪಲಿಗೆ ಹೊಸ ಅಟ್ಟೆ ಹೊಲಿಸುತ್ತೇವೆ. ಮೇಜಿನ ಮೇಲಿನ ಗಣಕಯಂತ್ರದ ವಿಷಯದಲ್ಲಿ ಮಾತ್ರ, “ಅದರ ಕಾಲ ಮುಗಿಯಿತು” ಎಂದು ಯಾರೋ ಹೇಳಿದ ಮಾತನ್ನು ಒಮ್ಮೆಗೇ ನಂಬಿಬಿಡುತ್ತೇವೆ. ಅದರ ಹೊಟ್ಟೆಯೊಳಗೆ ಏನಿದೆಯೆಂಬುದು ನಮಗೆ ತಿಳಿಯದಿರುವುದೇ ಇದಕ್ಕೆ ಕಾರಣ. ಈ ಲೇಖಕನೂ ಯಂತ್ರಶಾಸ್ತ್ರ ಓದಿದವನಲ್ಲ, ಬಿ.ಎ. ಮುಗಿಸಿ ಸರಕಾರಿ ಕಚೇರಿಯ ಕಡತಗಳ ನಡುವೆ ಕುಳಿತವನು. ಆದರೆ ಕಡತದಲ್ಲಿ ಲೆಕ್ಕ ತಾಳೆಯಾಗದಿದ್ದಾಗ ಹುಡುಕುವ ಕ್ರಮಕ್ಕೂ ಗಣಕದ ದೋಷ ಹುಡುಕುವ ಕ್ರಮಕ್ಕೂ ಹೆಚ್ಚಿನ ಭೇದವಿಲ್ಲ.

ಗಣಕಯಂತ್ರ ನಮ್ಮ ಊರಿಗೆ ಹೊಸತೇನೂ ಅಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿದ ಗಣಕ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದರಲ್ಲಿ ಸುಮಾರು 2,700 ವಾಲ್ವುಗಳಿದ್ದವು. ಒಂದು ಕೋಣೆಯೇ ಅದಕ್ಕೆ ಬೇಕಾಗಿತ್ತು. ಇಂದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಅಂಗೈ ಮೇಲೆ ಇಟ್ಟುಕೊಡುವ, 2012ರ ಪೀಳಿಗೆಯ ನಾಲ್ಕು ಕೋರಿನ ಇಂಟೆಲ್ ಪ್ರೊಸೆಸರಿನಲ್ಲಿ ಸುಮಾರು 140 ಕೋಟಿ ಟ್ರಾನ್ಸಿಸ್ಟರುಗಳಿವೆ. ಅಂಥ ವಸ್ತುವನ್ನು ನಾವು ‘ಹಳೆಯದು’ ಎನ್ನುತ್ತೇವೆ!

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಪೂರ್ವಕ್ಕೆ ನಡೆದರೆ ಸಿಗುವ ಈ ರಸ್ತೆಗೆ ಫಲಕದ ಮೇಲೆ ಡಾ. ಭಡಕಮಕರ ಮಾರ್ಗವೆಂದು ಹೆಸರು. ಜನರ ಬಾಯಲ್ಲಿ ಮಾತ್ರ ಇನ್ನೂ ಲ್ಯಾಮಿಂಗ್ಟನ್ ಸಾಹೇಬನೇ ಉಳಿದಿದ್ದಾನೆ. ಗಣಕದ ಬಿಡಿಭಾಗಗಳು, ಹೊಸವು ಹಳೆಯವು ಎರಡೂ, ಇಲ್ಲಿ ದೊರೆಯುತ್ತವೆ.

ಒಂದು ಮನೆಯ ಕಥೆ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಒಬ್ಬ ತಾಯಿಯಿದ್ದಾರೆ. ಯಜಮಾನರು ತೀರಿಕೊಂಡ ಮೇಲೆ ಕನ್ನಡ ಬೆರಳಚ್ಚಿನಿಂದಲೇ ಮನೆ ನಡೆಸಿದವರು. ಮದುವೆಯ ಕರೆಯೋಲೆ, ಸಂಘದ ಸ್ಮರಣಸಂಚಿಕೆ, ವಾರ್ಷಿಕ ವರದಿ, ಇವೇ ಅವರ ಜೀವನೋಪಾಯ. ಅವರ ಗಣಕ 2011ರದು. ಒಳಗಿದ್ದುದು ಎರಡು ಕೋರಿನ ಪೆಂಟಿಯಂ ಜಿ620. ದೊಡ್ಡ ಸಂಚಿಕೆಯ ಪುಟ ತೆರೆಯುವಷ್ಟರಲ್ಲಿ ಚಹಾ ಕಾಸಿ ಕುಡಿದು ಬರಬಹುದಾಗಿತ್ತು. ಅವರ ಸೋದರಳಿಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ನಾಲ್ಕು ಕೋರಿನ ಐ5-3470 ಎಂಬ ಹಳೆಯ ಪ್ರೊಸೆಸರನ್ನು ಅಗ್ಗಕ್ಕೆ ತಂದ. ಎರಡಕ್ಕೂ ಸಾಕೆಟ್ ಒಂದೇ, 1155 ಸಂಪರ್ಕಬಿಂದುಗಳದು. ಕೂರಿಸಿ ಗುಂಡಿಯೊತ್ತಿದರೆ ಪಂಖ ತಿರುಗಿತು, ದೀಪ ಉರಿಯಿತು. ಪರದೆ ಮಾತ್ರ ಅಮಾವಾಸ್ಯೆಯಂತೆ ಕಪ್ಪಾಗಿಯೇ ಉಳಿಯಿತು.

ಕರೆಸಿದ ರಿಪೇರಿಯವನೊಬ್ಬ ಎರಡು ನಿಮಿಷ ನೋಡಿ, “ಬೋರ್ಡು ಸತ್ತಿದೆ, ಹೊಸ ಯಂತ್ರವನ್ನೇ ಕೊಳ್ಳಿ” ಎಂದ. ಅವನು ಹೇಳಿದ ಬೆಲೆ ಆ ತಾಯಿಯ ಎರಡು ತಿಂಗಳ ಸಂಪಾದನೆ. ಮೇಲಾಗಿ ಮೂರು ಮದುವೆಗಳ ಕರೆಯೋಲೆ ಆ ವಾರವೇ ಮುದ್ರಣಕ್ಕೆ ಹೋಗಬೇಕಾಗಿತ್ತು. ಲಗ್ನದ ಮುಹೂರ್ತ ಗಣಕಕ್ಕಾಗಿ ಕಾಯುವುದಿಲ್ಲವಷ್ಟೆ!

ಕ್ರಮವಾಗಿ ಹುಡುಕಿದಾಗ

ಸೋದರಳಿಯನೂ ನಾನೂ ಆ ರಾತ್ರಿ ಒಂದೊಂದನ್ನೇ ಪರೀಕ್ಷಿಸಿದೆವು. ಮೊದಲು ವಿದ್ಯುತ್ತು. ಪಂಖ ತಿರುಗಿದ ಮಾತ್ರಕ್ಕೆ ಪ್ರೊಸೆಸರಿಗೆ ವಿದ್ಯುತ್ತು ತಲಪಿತೆಂದು ಅರ್ಥವಲ್ಲ. ಅದರ ಪಕ್ಕದಲ್ಲಿ ನಾಲ್ಕು ತೂತಿನ ಒಂದು ಪ್ರತ್ಯೇಕ 12 ವೋಲ್ಟಿನ ತಂತಿ ಸೇರಬೇಕು. ಅದು ಸೇರಿತ್ತು. ಎರಡನೆಯದು ಸಾಕೆಟ್. ಈ ಜಾತಿಯ ಬೋರ್ಡುಗಳಲ್ಲಿ ಕೂದಲೆಳೆಯಂಥ ಮುಳ್ಳುಗಳು ಪ್ರೊಸೆಸರಿನಲ್ಲಿರದೆ ಸಾಕೆಟ್ಟಿನಲ್ಲಿರುತ್ತವೆ. ಒಂದು ಬಾಗಿದರೂ ಕೆಲಸ ಕೆಟ್ಟಿತು. ಬ್ಯಾಟರಿ ದೀಪ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು; ಎಲ್ಲವೂ ನೆಟ್ಟಗಿದ್ದವು. ಮೂರನೆಯದು ರ‍್ಯಾಮ್. ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಂದೊಂದನ್ನೇ ಹಾಕಿ ನೋಡಿದ್ದಾಯಿತು. ಮುಂಬಯಿಯ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಸಿಕ್ಕ ಯಂತ್ರಗಳಲ್ಲಿ ಇಷ್ಟರಿಂದಲೇ ಗುಣವಾಗುವುದುಂಟು. ಇಲ್ಲಿ ಆಗಲಿಲ್ಲ.

ಬಳಿಕ ರ‍್ಯಾಮನ್ನು ಪೂರ್ತಿ ತೆಗೆದು ಗುಂಡಿಯೊತ್ತಿದೆವು. ಬೋರ್ಡಿಗೆ ಸೇರಿಸಿದ ಪುಟ್ಟ ಸ್ಪೀಕರು ಆಗ ‘ಬೀಪ್’ ಎಂದು ದೂರಬೇಕು. ದೂರಿತೆಂದರೆ ಪ್ರೊಸೆಸರು ಬದುಕಿದೆ, ಕೆಲಸವನ್ನೂ ಆರಂಭಿಸಿದೆಯೆಂದು ತಿಳಿಯಬಹುದು. ಇಲ್ಲಿ ನಿಶ್ಶಬ್ದ. ಅಂದಮೇಲೆ ಪ್ರೊಸೆಸರು ಮೊದಲ ಹೆಜ್ಜೆಯನ್ನೇ ಇಟ್ಟಿರಲಿಲ್ಲ. ನಾಣ್ಯದಾಕಾರದ ಸಿಆರ್ 2032 ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟುದೂ ಫಲಿಸಲಿಲ್ಲ.

ಕೊನೆಗೆ ಹಳೆಯ ಪೆಂಟಿಯಮ್ಮನ್ನೇ ಮತ್ತೆ ಕೂರಿಸಿದೆವು. ಪರದೆ ಬೆಳಗಿತು! ಬೋರ್ಡು ಸತ್ತಿಲ್ಲವೆಂಬುದು ಅಲ್ಲಿಗೆ ಸಿದ್ಧವಾಯಿತು. ಪರದೆಯ ಮೇಲೆ ಬಯಾಸ್ ಎಂಬ ಮೂಲ ತಂತ್ರಾಂಶದ ದಿನಾಂಕವೂ ಕಂಡಿತು: 2011. ರೋಗದ ಮೂಲ ಅದೇ.

ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಇದನ್ನು ಕಚೇರಿಯ ಭಾಷೆಯಲ್ಲಿ ಹೇಳುತ್ತೇನೆ. ಹೊಸ ಗುಮಾಸ್ತ ಬಂದ. ಕುರ್ಚಿ ಅವನ ಅಳತೆಗೆ ಸರಿಯಾಗಿಯೇ ಇದೆ. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಅವನು ಎಷ್ಟೇ ಜಾಣನಾಗಲಿ, ಕೆಲಸ ಆರಂಭವಾಗದು. ಬಯಾಸ್ ಎಂಬುದು ಬೋರ್ಡಿನ ಹಾಜರಿ ಪುಸ್ತಕ. ಎಚ್61 ಎಂಬ ಚಿಪ್‌ಸೆಟ್ಟಿನ ಆ ಬೋರ್ಡು ಹುಟ್ಟಿದ್ದು 2011ರಲ್ಲಿ. ಐ5-3470 ಬಂದುದು 2012ರಲ್ಲಿ. ಹುಟ್ಟದವನ ಹೆಸರನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ? ಸಾಕೆಟ್ ಒಂದೇ ಆದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ.

ಪರಿಹಾರವೂ ಸುಲಭ, ಆದರೆ ಅನುಕ್ರಮ ತಪ್ಪಬಾರದು. ಹಳೆಯ ಪ್ರೊಸೆಸರು ಒಳಗಿರುವಾಗಲೇ ಬಯಾಸನ್ನು ನವೀಕರಿಸಬೇಕು. ಹೊಸದನ್ನು ಕೂರಿಸುವುದು ಆಮೇಲೆ. ಬೋರ್ಡಿನ ಮೇಲೆ ಮುದ್ರಿಸಿರುವ ಮಾದರಿಯ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಅಕ್ಷರ ಬಿಡದೆ ಬರೆದುಕೊಂಡು, ತಯಾರಕರು ಆ ಮಾದರಿಗೆಂದೇ ಕೊಟ್ಟಿರುವ ಕಡತವನ್ನಷ್ಟೇ ಬಳಸತಕ್ಕದ್ದು. ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕೆಂದು ಸೂಚನೆಯಿದ್ದರೆ ಅದನ್ನು ಪಾಲಿಸಬೇಕು. ನವೀಕರಣದ ನಡುವೆ ವಿದ್ಯುತ್ತು ಹೋದರೆ ಬೋರ್ಡು ನಿಜವಾಗಿಯೂ ಸತ್ತೀತು, ಆದುದರಿಂದ ಯು.ಪಿ.ಎಸ್. ಇಲ್ಲದೆ ಕೈಹಾಕಬಾರದು. ನಾವು ಎದುರುಮನೆಯವರದನ್ನು ಕೇಳಿ ತಂದೆವು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಐ5ನ್ನು ಕೂರಿಸಿದಾಗ ಬಯಾಸ್ ಅದರ ಹೆಸರು ಹಿಡಿದು ಸ್ವಾಗತಿಸಿತು. ಕರೆಯೋಲೆಗಳು ಹೇಳಿದ ದಿನಕ್ಕೇ ಮುದ್ರಣಕ್ಕೆ ಹೋದವು.

ಕೊಳ್ಳುವವರಿಗೆ ನಾಲ್ಕು ಮಾತು

ಪೇಟೆಗೆ ಹೋಗುವ ಮೊದಲೇ ನಿಮ್ಮ ಬೋರ್ಡಿಗೆ ಯಾವ ಪ್ರೊಸೆಸರುಗಳು, ಬಯಾಸಿನ ಯಾವ ಆವೃತ್ತಿಯಿಂದ ಒಗ್ಗುವುವೆಂಬ ತಯಾರಕರ ಪಟ್ಟಿಯನ್ನು ನೋಡಿರಿ. ಹೆಸರಿನ ಬಾಲವನ್ನೂ ಗಮನಿಸಿರಿ. ಐ5-3350ಪಿ ಎಂಬುದರೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಗೆ ಅದನ್ನು ತಂದರೆ ಎಲ್ಲವೂ ಸರಿಯಿದ್ದರೂ ಪರದೆ ಕಪ್ಪೇ.

ಶಾಖದ ಲೆಕ್ಕವೂ ಬೇಕು. ಜಿ620 65 ವಾಟಿನದು, ಐ5-3470 77 ವಾಟಿನದು. ಹಳೆಯ ಲೇಪವನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಶಾಖವಾಹಕ ಲೇಪ ಹಾಕಿ, ಪಂಖದ ಧೂಳು ತೆಗೆದು, ಅದರ ನಾಲ್ಕು ಮೊಳೆಗಳನ್ನು ಕರ್ಣರೇಖೆಯಂತೆ ಎದುರುಬದುರಾಗಿ ಒತ್ತಿರಿ. ಯಂತ್ರ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ತಾನಾಗಿ ಆರಿದರೆ ಮೊದಲು ಆ ಮೊಳೆಗಳನ್ನು ಶಂಕಿಸಬೇಕು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅನೇಕ ಮನೆಗಳಲ್ಲಿ ನಿಧಾನಕ್ಕೆ ಕಾರಣ ಪ್ರೊಸೆಸರಲ್ಲ, ತಿರುಗುವ ಹಾರ್ಡ್ ಡಿಸ್ಕು. ಅದರ ಬದಲಿಗೆ ಒಂದು ಎಸ್.ಎಸ್.ಡಿ. ಹಾಕಿದರೆ ಅರ್ಧ ದೂರು ಅಲ್ಲಿಗೇ ತೀರುತ್ತದೆ. ಆಮೇಲೆ ರ‍್ಯಾಮ್, ಕೊನೆಗೆ ಪ್ರೊಸೆಸರು. ಅಲ್ಲದೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು; ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪೀಳಿಗೆಗೆ ಸ್ಥಾನವಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವವರು ಇದನ್ನು ಮರೆಯಬಾರದು. ಖರ್ಚಿಲ್ಲದೆ ಸಿಗುವ ಲಿನಕ್ಸ್ ಇಂಥ ಯಂತ್ರಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಯೂನಿಕೋಡ್ ಕನ್ನಡವನ್ನು ಅದರಲ್ಲಿಯೂ ಬರೆಯಬಹುದು.

ಕಳಚಿದ ಹಳೆಯ ಪ್ರೊಸೆಸರನ್ನು ಕೂಡಲೇ ಮಾರಬೇಡಿರಿ. ಮೆದು ಡಬ್ಬಿಯೊಂದರಲ್ಲಿಟ್ಟು, ಮೇಲೆ ಅದರ ಹೆಸರನ್ನೂ ಬೋರ್ಡಿನ ಮಾದರಿಯನ್ನೂ ದಿನಾಂಕವನ್ನೂ ಬರೆದು ಅಲಮಾರಿಯಲ್ಲಿಡಿರಿ. ಮುಂದೊಮ್ಮೆ ಪರದೆ ಕಪ್ಪಾದಾಗ, ಬೋರ್ಡು ಸತ್ತಿದೆಯೋ ಬದುಕಿದೆಯೋ ಎಂದು ನಿಮಗೆ ಹೇಳಬಲ್ಲ ಸಾಕ್ಷಿ ಅದೊಂದೇ.