ಜೋಡಿ ರಾಜರನ್ನು ಬಿಡುವ ಹೊತ್ತು

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿರಿಸಿಕೊಂಡು ಹಾಡಿದ ಕನಕದಾಸರು, ಹರಿಕೀರ್ತನೆಗಳ ಜೊತೆಗೆ, ಜೂಜಿನಲ್ಲಿ ರಾಜ್ಯವನ್ನೇ ಸೋತ ದೊರೆಯೊಬ್ಬನ ಕಥೆಯನ್ನೂ ಭಾಮಿನಿ ಷಟ್ಪದಿಯಲ್ಲಿ ಬರೆದರು. ಆ ‘ನಳಚರಿತ್ರೆ’ಯ ನಾಯಕನಾದ ನಳನು ಮೂಢನಲ್ಲ, ದುರ್ವ್ಯಸನಿಯೂ ಅಲ್ಲ, ಆದರೂ ಎದುರಾಳಿ ಪುಷ್ಕರನ ಮುಂದೆ ಒಮ್ಮೆ ಕುಳಿತ ಮೇಲೆ ಏಳಲಾರದೆ ಹೋದನು. ಕಲಿಪುರುಷನು ಅವನ ಮೈಹೊಕ್ಕಿದ್ದನೆಂಬುದು ಇದಕ್ಕೆ ಪುರಾಣವು ಕೊಡುವ ಕಾರಣ. ಮುಂದೆ ಋತುಪರ್ಣನೆಂಬ ದೊರೆಯು ತಾರೆಯ ಮರವೊಂದರ ಎಲೆಕಾಯಿಗಳ ಲೆಕ್ಕವನ್ನು ನೋಡಿದ ಮಾತ್ರದಿಂದಲೇ ಹೇಳಿ, ಅಕ್ಷಹೃದಯವೆಂಬ ವಿದ್ಯೆಯನ್ನು ನಳನಿಗೆ ಉಪದೇಶಿಸಿದನೆಂದೂ, ವಿದ್ಯೆ ಒಳಬಂದೊಡನೆ ಕಲಿಯು ಹೊರಬಿದ್ದನೆಂದೂ ಭಾರತವು ಹೇಳುತ್ತದೆ. ಎಣಿಕೆ ಬಂದ ಮನಸ್ಸಿನಲ್ಲಿ ವ್ಯಾಮೋಹ ನಿಲ್ಲಲಾರದೆಂಬ ಈ ಸೂಚನೆಯು, ಇಂದು ಲೋಕವೆಲ್ಲ ಆಡುತ್ತಿರುವ ಒಂದು ಇಸ್ಪೀಟಿನ ಆಟಕ್ಕೆ ಆಶ್ಚರ್ಯವೆನಿಸುವಷ್ಟು ಚೆನ್ನಾಗಿ ಒಪ್ಪುತ್ತದೆ.

ಹೋಲ್ಡೆಮ್ ಪೋಕರ್ ಎಂಬ ಆ ಆಟವು ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಹುಟ್ಟಿದುದು. ನಾಗಪಂಚಮಿಗೋ ದೀಪಾವಳಿಗೋ ನಮ್ಮ ಹಾವೇರಿ ರಾಣೆಬೆನ್ನೂರು ಕಡೆಯ ಊರುಗಳಲ್ಲಿ ಇಸ್ಪೀಟು ಹಿಡಿದು ಕೂರುವವರಿಗೆ ಪರಿಚಿತವಾದ ಅಂದರ್-ಬಾಹರಿನಲ್ಲಿ, ಪಣವನ್ನಿಟ್ಟ ಮೇಲೆ ಹಿಂದೆಗೆಯುವ ದಾರಿಯಿಲ್ಲ. ಎಲೆ ಒಳಗೆ ಬಿದ್ದಿತೋ ಹೊರಗೆ ಬಿದ್ದಿತೋ ಎಂದು ನೋಡುತ್ತ ಕೂರುವುದೊಂದೇ ಆಟಗಾರನ ಕೆಲಸ. ಹೋಲ್ಡೆಮಿನಲ್ಲಾದರೋ ಒಂದೇ ಆಟದೊಳಗೆ ನಾಲ್ಕು ಸಲ, ‘ಮುಂದುವರಿಯುವೆಯೋ, ಎಲೆ ಬಿಡುವೆಯೋ’ ಎಂಬ ಪ್ರಶ್ನೆ ಆಟಗಾರನ ಮುಂದೆ ನಿಲ್ಲುತ್ತದೆ. ಪ್ರತಿಯೊಬ್ಬನಿಗೂ ಮುಚ್ಚಿದ ಎರಡೆರಡು ಎಲೆ. ತರುವಾಯ ಎಲ್ಲರಿಗೂ ಸಮಾನವಾಗಿ ಸಲ್ಲುವ ಐದು ಎಲೆಗಳು ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದರಂತೆ ಮೇಜಿನ ಮೇಲೆ ತೆರೆದುಕೊಳ್ಳುತ್ತವೆ. ಈ ಏಳರಲ್ಲಿ ಶ್ರೇಷ್ಠವಾದ ಐದನ್ನು ಕೂಡಿಸಿಕೊಂಡವನೇ ಗೆದ್ದವನು. ‘ನೋ-ಲಿಮಿಟ್’ ಎಂಬ ಬಗೆಯಲ್ಲಿ ಯಾವ ಕ್ಷಣದಲ್ಲಾದರೂ ತನ್ನ ಮುಂದಿರುವ ಹಣವೆಲ್ಲವನ್ನೂ ಪಣಕ್ಕೊಡ್ಡುವ ಸ್ವಾತಂತ್ರ್ಯವುಂಟಾದುದರಿಂದ, ಒಂದು ತಪ್ಪಿನ ಬೆಲೆ ಇಡೀ ಗಂಟಾಗಬಹುದು.

ಐವತ್ತೆರಡು ಎಲೆಗಳಿಂದ ಎರಡೆರಡನ್ನು 1326 ಬಗೆಯಲ್ಲಿ ಆರಿಸಬಹುದು. ಅವುಗಳಲ್ಲಿ ಎರಡೂ ಎಕ್ಕಗಳಾಗಿರುವುವು ಆರೇ. ಎಂದರೆ ಸರಾಸರಿ 221 ಸಲಕ್ಕೊಮ್ಮೆ ಎಕ್ಕದ ಜೋಡಿ ಕೈಸೇರುತ್ತದೆ. ರಾಜರ ಜೋಡಿಗೂ ರಾಣಿಯರ ಜೋಡಿಗೂ ಇದೇ ಲೆಕ್ಕ. ಗಂಟೆಗಟ್ಟಲೆ ಕಾದ ಮೇಲೆ ಒದಗುವ ಇಂಥ ಎಲೆಗಳ ಮೇಲೆ ಮಮತೆ ಬೆಳೆಯುವುದು ಮನುಷ್ಯಸಹಜ; ಆಟಗಾರನ ಸಂಕಟವೂ ಅಲ್ಲಿಂದಲೇ ಆರಂಭ. ಕೆಟ್ಟ ಎಲೆಗಳನ್ನು ಯಾರು ಬೇಕಾದರೂ ಬಿಟ್ಟಾರು. ಒಳ್ಳೆಯ ಎಲೆಗಳನ್ನು ಬಿಡಬೇಕಾದ ಹೊತ್ತನ್ನು ಗುರುತಿಸುವುದರಲ್ಲಿಯೇ ವಿದ್ಯೆಯಿರುವುದು.

ಮೊದಲ ಸುತ್ತನ್ನು ನೋಡೋಣ. ಎಕ್ಕದ ಜೋಡಿಯು ಎದುರಾಳಿ ಒಬ್ಬನೇ ಇದ್ದರೆ, ಅವನ ಎಲೆ ಯಾವುದಾದರೂ ಆಗಿರಲಿ, ಸರಾಸರಿ ನೂರಕ್ಕೆ 85 ಸಲ ಗೆಲ್ಲುತ್ತದೆ. ಆದುದರಿಂದ ಹಣದ ಆಟದಲ್ಲಿ ಅದನ್ನು ಮೊದಲ ಸುತ್ತಿನಲ್ಲಿ ಬಿಡುವ ಪ್ರಸಂಗವೇ ಇಲ್ಲ. ರಾಜರ ಜೋಡಿ ಹಿಡಿದವನಿಗೆ ಎಕ್ಕಗಳ ಭಯ. ಒಂಬತ್ತು ಜನರ ಮೇಜಿನಲ್ಲಿ ಉಳಿದ ಎಂಟು ಮಂದಿಯಲ್ಲಿ ಒಬ್ಬನ ಬಳಿ ಆ ಜೋಡಿಯಿರುವ ಸಂಭವವು ನೂರಕ್ಕೆ ನಾಲ್ಕರಷ್ಟು ಮಾತ್ರ. ಆದ್ದರಿಂದ ಬರಿಯ ಭಯಕ್ಕೆ ರಾಜರನ್ನು ಬಿಡುವುದು ಅವಿವೇಕ. ಆದರೆ ಸಂಜೆಯೆಲ್ಲ ಎಲೆ ಬಿಡುತ್ತಲೇ ಕುಳಿತಿದ್ದ ಗಂಭೀರ ಆಟಗಾರನೊಬ್ಬನು, ಇಬ್ಬರು ಪಣವೇರಿಸಿದ ಮೇಲೆಯೂ ಹಿಂಜರಿಯದೆ ತನ್ನ ಗಂಟನ್ನೆಲ್ಲ ಮುಂದೆ ನೂಕಿದರೆ, ಲೆಕ್ಕ ಬೇರೆಯಾಗುತ್ತದೆ. ಎಕ್ಕದ ಜೋಡಿ, ರಾಜರ ಜೋಡಿ, ಎಕ್ಕ-ರಾಜ ಎಂಬ ಮೂರೇ ಬಗೆಯ ಕೈಗಳಲ್ಲಿ ಅವನು ಹೀಗೆ ಮಾಡುವನೆಂದು ಇಟ್ಟುಕೊಳ್ಳಿ: ನಮ್ಮ ರಾಜರ ಜೋಡಿಯ ಪಾಲು ನೂರಕ್ಕೆ 47ರಷ್ಟು, ರಾಣಿಯರ ಜೋಡಿಯ ಪಾಲು 40ರಷ್ಟು. ಇನ್ನು ಬಿಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ತೆರಬೇಕಾದ ಬೆಲೆ. ಮೇಜಿನ ನಡುವೆ 1000 ರೂಪಾಯಿ ಇರಲು ಎದುರಾಳಿ 500 ಒಡ್ಡಿದರೆ, 1500ನ್ನು ಪಡೆಯಲು ನಾವು ತೆರುವುದು 500. ನೂರಕ್ಕೆ 25 ಸಲ ಗೆದ್ದರೂ ನಷ್ಟವಿಲ್ಲ. ನಡುವಿನ ಹಣದಷ್ಟನ್ನೇ ಒಡ್ಡಿದರೆ 33 ಸಲ ಗೆಲ್ಲಬೇಕು. ನಡುವೆ ಏನೂ ಇಲ್ಲದಿರುವಾಗಲೇ ಬಂದ ದೊಡ್ಡ ಪಣಕ್ಕೆ ಐವತ್ತರ ಹತ್ತಿರ ಬೇಕಾಗುತ್ತದೆ. ಅಲ್ಲಿ ರಾಣಿಯರು ಹೋಗಬೇಕಾದವರೇ, ರಾಜರ ವಿಷಯ ಮಾತ್ರ ಕೂದಲೆಳೆಯ ಅಂತರದ್ದು.

ಮೇಜಿನ ಮೇಲೆ ಮೂರು ಎಲೆ ಬಿದ್ದ ತರುವಾಯ ಪರೀಕ್ಷೆ ಇನ್ನೂ ಕಠಿನವಾಗುತ್ತದೆ. ರಾಜರ ಜೋಡಿ ಹಿಡಿದಿರುವಾಗ ಆ ಮೂರರಲ್ಲಿ ಎಕ್ಕ ಕಾಣಿಸಿಕೊಳ್ಳುವುದು ನೂರಕ್ಕೆ 23 ಸಲ. ರಾಣಿಯರ ಜೋಡಿಗೆ ಎಕ್ಕವೋ ರಾಜನೋ ಎದುರಾಗುವುದು 41 ಸಲ. ಗುಲಾಮರ ಜೋಡಿಗೆ ಮೇಲಿನ ಎಲೆಯೊಂದು ಅಡ್ಡಬರುವುದು 57 ಸಲ. ಮೇಲಿನ ಎಲೆ ಬಿದ್ದಿತೆಂಬುದೊಂದೇ ಬಿಡುವುದಕ್ಕೆ ಕಾರಣವಾಗಲಾರದು; ಯಾರು ಎಷ್ಟು ಧೈರ್ಯದಿಂದ, ಯಾವ ಕ್ರಮದಲ್ಲಿ ಪಣವೇರಿಸಿದರೆಂಬುದನ್ನು ಅದರೊಡನೆ ಕೂಡಿಸಿ ಓದಬೇಕು. ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಿ. ನಮ್ಮ ಕೈಯಲ್ಲಿ ಇಸ್ಪೀಟಿನ ರಾಜ, ಡೈಮಂಡಿನ ರಾಜ, ನಾಲ್ವರು ಉಳಿದಿದ್ದಾರೆ, ಮೇಜಿನ ಮೇಲೆ ಆಟೀನಿನ ಹತ್ತು, ಆಟೀನಿನ ಒಂಬತ್ತು, ಕ್ಲಾವರಿನ ಎಂಟು. ಎಕ್ಕವಿಲ್ಲ, ನಮಗಿಂತ ಹಿರಿದಾದ ಎಲೆಯೇ ಇಲ್ಲ. ಕಣ್ಣಿಗೆ ಎಲ್ಲವೂ ಕ್ಷೇಮ. ನಾವು ಪಣವಿಡುತ್ತೇವೆ, ಒಬ್ಬನು ಅದನ್ನು ಮೂರುಪಟ್ಟು ಏರಿಸುತ್ತಾನೆ, ಅವನ ಹಿಂದೆ ಕುಳಿತವನು, ಇಬ್ಬರನ್ನೂ ನೋಡಿ, ಇದ್ದುದೆಲ್ಲವನ್ನೂ ಮುಂದೆ ಸರಿಸುತ್ತಾನೆ. ರಾಣಿ-ಗುಲಾಮ ಹಿಡಿದವನಿಗೆ ಐದರ ಸಾಲು ಆಗಲೇ ಪೂರ್ಣವಾಗಿದೆ. ಹತ್ತರ ಜೋಡಿ ಹಿಡಿದವನಿಗೆ ಮೂರು ಹತ್ತುಗಳಾಗಿವೆ. ಆ ಮೂರು ಹತ್ತುಗಳನ್ನು ಹಿಂದಿಕ್ಕಲು ನಮಗೆ ನೆರವಾಗಬಲ್ಲ ಎಲೆಗಳೆಂದರೆ, ಕಾಣದೆ ಉಳಿದ 47 ಎಲೆಗಳಲ್ಲಿ, ಮುಖ್ಯವಾಗಿ ಮಿಕ್ಕ ಇಬ್ಬರು ರಾಜರು. ಬರಲಿರುವ ಎರಡು ಎಲೆಗಳಲ್ಲಿ ಅವರಲ್ಲೊಬ್ಬನು ಬರುವ ಸಂಭವ ನೂರಕ್ಕೆ ಎಂಟೂವರೆಯಷ್ಟೂ ಇಲ್ಲ. ಸಾಲು ಹಿಡಿದವನೆದುರು ಅವನು ಬಂದರೂ ಸಾಲದು. ಮುಂಜಾನೆಯಿಂದ ಕಾದು ಪಡೆದ ರಾಜರನ್ನು ಇಲ್ಲಿ ಮುಖ ಬಾಡದೆ ಬಿಟ್ಟವನೇ ಆಟ ಬಲ್ಲವನು.

ಬಿಡುವುದಕ್ಕೆ ಅಡ್ಡ ನಿಲ್ಲುವುದು ಆಗಲೇ ಹಾಕಿದ ಹಣದ ನೆನಪು. ‘ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ’ ಎಂಬ ಮಾತು ಬ್ಯಾಡಗಿಯ ಪೇಟೆಯನ್ನು ಬಲ್ಲವರಿಗೆ ಹೊಸದಲ್ಲ. ಹೋದ ವರ್ಷದ ಧಾರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಳ್ಳೆಯ ಡಬ್ಬಿ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟವನು, ಕೊಟ್ಟ ಬಾಡಿಗೆಯ ಕಾರಣದಿಂದಲೇ ಇನ್ನಷ್ಟು ಕಾಯಬೇಕೆಂದು ಯೋಚಿಸತೊಡಗಿದರೆ, ಅವನು ಲೆಕ್ಕ ತಪ್ಪಿದಂತೆ. ಏಕೆಂದರೆ ಆ ಬಾಡಿಗೆ ಮಾರಿದರೂ ಮಾರದಿದ್ದರೂ ಹಿಂದಿರುಗದು, ಕೇಳಬೇಕಾದುದು ಮುಂದಿನ ಧಾರಣೆ ಏನಾದೀತೆಂಬುದನ್ನು ಮಾತ್ರ. ಕಾಯಿಯ ಬಣ್ಣ ಕೆಟ್ಟಿಲ್ಲ, ಕೆಟ್ಟಿರುವುದು ಪೇಟೆ. ಮೇಜಿನ ನಡುವೆ ಬಿದ್ದ ಹಣವೂ ಹಾಗೆಯೇ, ಬಿದ್ದ ಕ್ಷಣದಿಂದ ನಮ್ಮದಲ್ಲ. ಬೆಳೆಗಾರನು ಬೆವರು ಸುರಿಸಿ ಬೆಳೆದುದಕ್ಕೂ ಜೂಜುಗಾರನ ಪಣಕ್ಕೂ ಘನತೆಯಲ್ಲಿ ಸಾಮ್ಯವಿಲ್ಲವೆಂಬುದು ನಿಜ. ಮನಸ್ಸು ಮೋಸಹೋಗುವ ಬಗೆ ಮಾತ್ರ ಎರಡೆಡೆಯೂ ಒಂದೇ.

ಇಷ್ಟನ್ನು ಕೇಳಿದವರು ಬಿಡುವುದನ್ನೇ ವ್ರತವಾಗಿ ಹಿಡಿಯಬಾರದು. ನಡುವಿನಷ್ಟೇ ಹಣವನ್ನು ಹುಸಿಯಾಗಿ ಒಡ್ಡುವವನಿಗೆ, ನಾವು ಅರ್ಧಕ್ಕಿಂತ ಹೆಚ್ಚು ಸಲ ಬಿಟ್ಟೆವೆಂದರೆ, ಕೈಯಲ್ಲಿ ಏನೂ ಇಲ್ಲದೆಯೇ ಲಾಭ. 2017ರಲ್ಲಿ ಲಿಬ್ರೇಟಸ್ ಎಂಬ ಗಣಕ ತಂತ್ರಾಂಶವು ಪಿಟ್ಸ್‌ಬರ್ಗ್ ನಗರದಲ್ಲಿ ನಾಲ್ವರು ನುರಿತ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಎದುರಿಸಿ, 1,20,000 ಆಟಗಳ ಕೊನೆಗೆ ಸೋಲಿಸಿತಷ್ಟೆ. ಎಂದು ಬಿಡಬೇಕು, ಎಂದು ಹಿಡಿಯಬೇಕೆಂಬುದನ್ನು ಎದುರಾಳಿಯ ಊಹೆಗೆ ನಿಲುಕದ ಪ್ರಮಾಣದಲ್ಲಿ ಬೆರೆಸುವುದೇ ಅದರ ಬಲವಾಗಿತ್ತು. ಗಂಟಿನ ಗಾತ್ರವೂ ಗಣ್ಯ: ಕೊಂಚವೇ ಹಣ ಉಳಿದವನು ರಾಣಿಯರನ್ನು ಬಿಡುವುದು ಪ್ರಮಾದ, ಗಂಟು ದೊಡ್ಡದಿದ್ದಷ್ಟೂ ಒಂದು ಜೋಡಿಯ ಯೋಗ್ಯತೆ ಇಳಿಯುತ್ತದೆ. ಹತ್ತು ಜನಕ್ಕೆ ಸಮಾನ ಬಹುಮಾನವಿರುವ ಪಂದ್ಯದಲ್ಲಿ ಹನ್ನೊಂದು ಮಂದಿ ಉಳಿದು, ನಮ್ಮ ಸ್ಥಾನ ಭದ್ರವಾಗಿದ್ದರೆ, ಎಕ್ಕದ ಜೋಡಿಯನ್ನೂ ಮೊದಲ ಸುತ್ತಿನಲ್ಲಿಯೇ ಬಿಡಬಹುದು. ಗೆದ್ದರೆ ಹೆಚ್ಚೇನೂ ದಕ್ಕದು, ಸೋತರೆ ಎಲ್ಲವೂ ಹೋದೀತು.

ನ್ಯಾಯಾಲಯಗಳು ಕೌಶಲವನ್ನು ಕಂಡುದೂ ಈ ಬಿಡುವಿಕೆಯಲ್ಲಿಯೇ. ರಮ್ಮಿಯಲ್ಲಿ ಎಲೆಗಳನ್ನು ಹಿಡಿಯುವುದಕ್ಕೂ ಬಿಡುವುದಕ್ಕೂ ಕುಶಲತೆ ಬೇಕೆಂದು 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ತಿಳಿಸಿತು. ಗುಜರಾತಿನ ಉಚ್ಚ ನ್ಯಾಯಾಲಯವು 2017ರಲ್ಲಿ ಇದಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ತಾಳಿತು. ಕರ್ನಾಟಕ ರಾಜ್ಯವು 2021ರಲ್ಲಿ ತಂದ ನಿಷೇಧದ ತಿದ್ದುಪಡಿಯ ಮುಖ್ಯ ಭಾಗವು 2022ರ ಫೆಬ್ರವರಿಯಲ್ಲಿ ಬಿದ್ದುಹೋಯಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ, ಹಣವೊಡ್ಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ಕೌಶಲದ ವಾದವು ಸುಳ್ಳಲ್ಲ. ಆದರೆ ಆ ಕೌಶಲವು ಫಲವಾಗಿ ಕಾಣಿಸಿಕೊಳ್ಳುವುದು ಸಾವಿರಾರು ಆಟಗಳ ಮೊತ್ತದಲ್ಲಿ, ಒಂದು ರಾತ್ರಿಯ ಆಟದಲ್ಲಲ್ಲ. ಎಕ್ಕದ ಜೋಡಿಯೂ ನೂರರಲ್ಲಿ ಹದಿನೈದು ಸಲ ಸೋಲುವುದಷ್ಟೆ. ಆ ಹದಿನೈದನ್ನು ತಾಳಿಕೊಂಡು ಉಳಿದ ಎಂಬತ್ತೈದನ್ನು ಕಾಯುವಷ್ಟು ಬಂಡವಾಳ ಸಂಬಳದಲ್ಲಿ ಸಂಸಾರ ತೂಗಿಸುವವನಿಗೆ ಇಲ್ಲ. ಆದುದರಿಂದ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಕಡೆಯವರೆಗೂ ನಡೆಸಿದ ಗೃಹಸ್ಥನು ರಾಜರನ್ನು ಬಿಡುವ ಹೊತ್ತನ್ನು ಕಲಿಯುವುದಕ್ಕೆ ಮೊದಲು, ಹಣವಿಟ್ಟು ಆಡುವ ಮೇಜನ್ನೇ ಬಿಡತಕ್ಕದ್ದೆಂಬ ನಿರ್ಣಯಕ್ಕೆ ಬಂದಾನು. ಹುಣಸೆಬೀಜವನ್ನು ಪಣವಾಗಿಟ್ಟು ಮನೆಮಂದಿಯೊಡನೆ ಆಡಿದರೂ ಈ ವಿದ್ಯೆಯ ಸ್ವಾರಸ್ಯ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.