ತಂತಿಯ ಸೆಳೆತ, ಮರದ ಬಾಗು

ಕೇರಳದ ಗಡಿಗೆ ತಾಗಿರುವ ಕೊಡಗಿನ ಕುಟ್ಟದಲ್ಲಿ, ಮಳೆಗಾಲವಿಡೀ ಮೂಲೆಯಲ್ಲಿರಿಸಿದ ಬಾಸ್ ಗಿಟಾರಿನ ಕುತ್ತಿಗೆ ಬಾಗುವುದುಂಟು. ಮರವು ತೇವವನ್ನು ಹೀರಿ ಹಿಗ್ಗುತ್ತದೆ. ನಾಲ್ಕು ದಪ್ಪ ತಂತಿಗಳು ಅದನ್ನು ಸದಾ ಮುಂದಕ್ಕೆ ಸೆಳೆಯುತ್ತವೆ. ಈ ಸೆಳೆತವನ್ನು ಎದುರಿಸಲೆಂದೇ ಕುತ್ತಿಗೆಯೊಳಗೆ ಉಕ್ಕಿನ ಸರಳೊಂದು ಹುದುಗಿರುತ್ತದೆ. ಬಾಗು ಹೆಚ್ಚಾದರೆ ತಂತಿಯನ್ನು ಒತ್ತುವುದೇ ಕಷ್ಟ. ತೀರ ಕಡಿಮೆಯಾದರೆ ತಂತಿಯು ಲೋಹದ ಮೆಟ್ಟಿಲುಗಳಿಗೆ ತಗುಲಿ ಕರ್ಕಶವಾಗಿ ನುಡಿಯುತ್ತದೆ.

ಮೊದಲು ತಂತಿಗಳನ್ನು ಶ್ರುತಿಗೆ ಬಿಗಿದು, ವಾದ್ಯವನ್ನು ಒಂದೆರಡು ದಿನ ಒಣಕೋಣೆಯಲ್ಲಿಡಬೇಕು. ತೇವ ಆರಿದಂತೆ ಬಾಗು ತಾನಾಗಿ ಬದಲಾಗಬಹುದು. ಬಳಿಕ ದಪ್ಪ ತಂತಿಯನ್ನು ಮೊದಲ ಹಾಗೂ ಕೊನೆಯ ಮೆಟ್ಟಿಲುಗಳಲ್ಲಿ ಒತ್ತಿಹಿಡಿದಾಗ, ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಉಳಿಯಬೇಕು. ಹೆಚ್ಚಿದ್ದರೆ ಸರಳಿನ ತಿರುಪನ್ನು ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ, ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಅವಸರದಿಂದ ಬಿಗಿದರೆ ಸರಳೇ ಮುರಿದೀತು.