ಒಂದು ಸಾಮ್ರಾಜ್ಯ ಅಳಿದು ಒಂದು ರಾಷ್ಟ್ರ ಹುಟ್ಟಿದ ಕಥೆ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಪುರಾನಿ ಹವೇಲಿಯ ದುರ್ರುಶೆಹ್ವಾರ್ ಆಸ್ಪತ್ರೆ ಹೊಸದೇನಲ್ಲ. ಆದರೆ ಆ ಹೆಸರು ಯಾರದು, ಎಲ್ಲಿಂದ ಬಂದಿತು ಎಂದು ಕೇಳಿದರೆ ಹೇಳಬಲ್ಲವರು ಕೆಲವರೇ ಇದ್ದಾರು. ಅದು ತುರ್ಕಿಯ ಕಟ್ಟಕಡೆಯ ಖಲೀಫನಾದ ಎರಡನೆಯ ಅಬ್ದುಲ್ ಮಜೀದನ ಮಗಳ ಹೆಸರು. 1924ರ ಮಾರ್ಚಿಯಲ್ಲಿ ಆ ರಾಜಮನೆತನವನ್ನು ದೇಶದಿಂದ ಹೊರಹಾಕಿದಾಗ ಆ ಹುಡುಗಿಗೆ ಹತ್ತು ವರ್ಷ. 1931ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಹಿರಿಯ ಮಗನೊಡನೆ ಅವಳ ಮದುವೆಯಾಯಿತು. 1948ರಲ್ಲಿ ನಿಜಾಮರ ಆಳ್ವಿಕೆಯೂ ಮುಗಿಯಿತು. ತೌರಿನ ಪಟ್ಟವೂ ಹೋಗಿ, ಅತ್ತೆಮನೆಯ ಪಟ್ಟವೂ ಹೋದದ್ದನ್ನು ಕಂಡ ಆ ರಾಜಕುಮಾರಿ 2006ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ರಾಜರ ಕಥೆ ಹೀಗಾಯಿತು. ಪ್ರಜೆಗಳ ಕಥೆ ಏನಾಯಿತು? ಅದನ್ನು ತಿಳಿಯಬೇಕಾದರೆ ನಾವು ತುರ್ಕಿಗೇ ಹೋಗಬೇಕು.

ಆರು ನೂರು ವರ್ಷ ಬಾಳಿದ ಉಸ್ಮಾನಿ ಸಾಮ್ರಾಜ್ಯವು 1914ರಲ್ಲಿ ಜರ್ಮನಿಯ ಪಕ್ಷ ವಹಿಸಿ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧದ ಮರೆಯಲ್ಲಿ, 1915ರಿಂದ ಮೊದಲ್ಗೊಂಡು, ಲಕ್ಷಾಂತರ ಆರ್ಮೀನಿಯನ್ನರು ಮನೆಮಠಗಳಿಂದ ಅಟ್ಟಲ್ಪಟ್ಟು ಕೊಲೆಗೂ ಹಸಿವಿಗೂ ತುತ್ತಾದರು. 1918ರಲ್ಲಿ ಸಾಮ್ರಾಜ್ಯ ಸೋತಿತು. ಗೆದ್ದವರು ಇಸ್ತಾಂಬುಲಿನಲ್ಲಿ ಸೈನ್ಯವಿಟ್ಟರು. 1920ರ ಸೆವ್ರ್ ಒಪ್ಪಂದದಲ್ಲಿ ನಾಡನ್ನು ಹಂಚಿಕೊಳ್ಳಲು ಹೊರಟರು. ಸುಲ್ತಾನನ ಸರಕಾರ ಅದಕ್ಕೆ ಒಪ್ಪಿ ರುಜು ಹಾಕಿತು.

ಒಪ್ಪದವನು ಒಬ್ಬ ಸೇನಾನಿ, ಮುಸ್ತಫಾ ಕೆಮಾಲ್. 1919ರ ಮೇ 19ರಂದು ಅವನು ಕಪ್ಪು ಸಮುದ್ರದ ತೀರದ ಸಾಮ್ಸುನ್ ರೇವಿನಲ್ಲಿ ಇಳಿದು ಜನರನ್ನು ಕೂಡಿಸತೊಡಗಿದನು. ಮರುವರ್ಷ ಅಂಕಾರಾದಲ್ಲಿ ಜನಪ್ರತಿನಿಧಿಗಳ ಸಭೆ ಸೇರಿತು. ಗ್ರೀಕ್ ಸೈನ್ಯದೊಡನೆ ಘೋರ ಯುದ್ಧ ನಡೆದು 1922ರ ಸೆಪ್ಟೆಂಬರಿನಲ್ಲಿ ತುರ್ಕರು ಇಜ್ಮಿರ್ ನಗರವನ್ನು ಹಿಂದಕ್ಕೆ ಪಡೆದರು. ಅದೇ ವರ್ಷದ ನವೆಂಬರ್ 1ರಂದು ಸುಲ್ತಾನಗಿರಿ ರದ್ದಾಯಿತು. 1923ರ ಅಕ್ಟೋಬರ್ 29ರಂದು ಗಣರಾಜ್ಯ ಹುಟ್ಟಿತು. ಇಲ್ಲಿ ನಮ್ಮ ದೇಶದಲ್ಲಿ ಖಲೀಫನ ಪರವಾಗಿ ಗಾಂಧೀಜಿಯವರೂ ಅಲಿ ಸಹೋದರರೂ ನಡೆಸಿದ ಖಿಲಾಫತ್ ಚಳವಳಿಯ ನೆನಪು ಇನ್ನೂ ಹಸಿಯಾಗಿದ್ದಾಗಲೇ, ತುರ್ಕರು ತಾವಾಗಿಯೇ ಖಲೀಫನ ಪೀಠವನ್ನು ತೆಗೆದುಹಾಕಿದರು. ಅದಾದ ಒಂಬತ್ತು ತಿಂಗಳಿಗೆ ಗಾಂಧೀಜಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಕುಳಿತಿದ್ದರು.

ಹೊಸ ರಾಷ್ಟ್ರಕ್ಕೆ ಗಡಿ ಬೇಕು. ಗಡಿಯೊಳಗೆ ಯಾರಿರಬೇಕೆಂಬ ಪ್ರಶ್ನೆಯೂ ಬಂತು. 1923ರ ಜನವರಿಯಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನೇ ಅದಲುಬದಲು ಮಾಡಿಕೊಳ್ಳುವ ಕರಾರು ಮಾಡಿಕೊಂಡವು. ಯುದ್ಧದಲ್ಲಿ ಮೊದಲೇ ಓಡಿಹೋದವರನ್ನೂ ಕೂಡಿಸಿದರೆ ಗ್ರೀಸಿಗೆ ಹೋದ ಕ್ರೈಸ್ತರು ಸುಮಾರು 12 ಲಕ್ಷ. ತುರ್ಕಿಗೆ ಬಂದ ಮುಸ್ಲಿಮರು ಸುಮಾರು 4 ಲಕ್ಷ. ಅಳತೆಗೋಲು ಭಾಷೆಯಲ್ಲ, ಮತ. ಆದುದರಿಂದ ತುರ್ಕಿ ಮಾತಲ್ಲದೆ ಬೇರೆ ಅರಿಯದ ಕ್ರೈಸ್ತರು ಗ್ರೀಸಿಗೆ ಹೋದರು. ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ ಬಂದರು. ತಮ್ಮ ನಾಡೆಂದು ಹೇಳಿದಲ್ಲಿ ನೆರೆಯವರೊಡನೆ ನಾಲ್ಕು ಮಾತಾಡಲು ಅವರಿಗೆ ಬಾರದು! ಉದ್ಯೋಗ ಅರಸಿ ನಾವಾಗಿಯೇ ಊರು ಬಿಟ್ಟ ನಮಗೂ ಹೊಸ ಊರಿನ ಮೊದಲ ದಿನಗಳ ಮೂಕತನ ಗೊತ್ತು. ಆದರೆ ರಜೆ ಬಂದರೆ ನಾವು ಗಂಟುಮೂಟೆ ಕಟ್ಟಿ ಊರಿನ ಗಾಡಿ ಹತ್ತುತ್ತೇವೆ. ಅವರಿಗೆ ಆ ಗಾಡಿಯೇ ಇರಲಿಲ್ಲ.

ಕೆಮಾಲನ ಸುಧಾರಣೆಗಳು ಒಂದರ ಹಿಂದೆ ಒಂದು ಬಂದವು. 1925ರಲ್ಲಿ ಕೆಂಪು ಫೆಜ್ ಟೊಪ್ಪಿಗೆಗೆ ನಿಷೇಧ; 1926ರಲ್ಲಿ ಸ್ವಿಟ್ಜರ್ಲೆಂಡಿನ ಮಾದರಿಯ ಹೊಸ ಸಿವಿಲ್ ಕಾಯಿದೆ, ಅದರೊಡನೆ ಬಹುಪತ್ನಿತ್ವಕ್ಕೆ ತಡೆ; 1934ರಲ್ಲಿ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಹೆಂಗಸರಿಗೆ ಮತದಾನದ ಹಕ್ಕು. ಇವೆಲ್ಲ ಸಣ್ಣ ಮಾತಲ್ಲ. ಆದರೆ ಇದೇ ಕೈ 1925ರಲ್ಲಿ ವಿರೋಧ ಪಕ್ಷವನ್ನು ಮುಚ್ಚಿತು, ಕುರ್ದರ ದಂಗೆಯನ್ನು ಕಠೋರವಾಗಿ ಅಡಗಿಸಿತು. ಪಕ್ಷ ಬದಲಾಗಿ ಅಧಿಕಾರ ಚುನಾವಣೆಯಿಂದ ಕೈಬದಲಾಯಿಸಿದ್ದು 1950ರಲ್ಲಿ. ಅನಂತರವೂ 1960 ಮತ್ತು 1980ರಲ್ಲಿ ಸೈನ್ಯವೇ ಗದ್ದುಗೆಗೆ ಬಂತು. ಸೈನಿಕನು ಕಟ್ಟಿದ ಮನೆಯಲ್ಲಿ ಸೈನಿಕನು ಬಾಗಿಲು ತಟ್ಟುವುದು ತಪ್ಪಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಲಿಪಿಯ ಸಂಗತಿ. 1928ರ ನವೆಂಬರ್ 1ರಂದು ಅರಬ್ಬೀ ಲಿಪಿಯನ್ನು ಬಿಟ್ಟು ರೋಮನ್ ಲಿಪಿ ಹಿಡಿಯಬೇಕೆಂದು ಕಾನೂನಾಯಿತು. ಅಧ್ಯಕ್ಷನೇ ಊರೂರಿಗೆ ಹೋಗಿ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ಅಕ್ಷರ ಬರೆದು ತೋರಿಸಿದನು. 1927ರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಹತ್ತು ಮಂದಿ. 1935ರ ಹೊತ್ತಿಗೆ ಅದು ಇಪ್ಪತ್ತಾಯಿತು. ಲಾಭವೇನೋ ನಿಜ. ಆದರೆ ಅಜ್ಜ ಬರೆದ ಕಾಗದ, ಮನೆಯ ಹಳೆಯ ಪುಸ್ತಕ, ಗೋರಿಯ ಮೇಲಿನ ಹೆಸರು, ಇವೆಲ್ಲ ಮೊಮ್ಮಗನಿಗೆ ಬರಿಯ ಗೀಟುಗಳಾದವು.

ನವೆಂಬರ್ 1 ನಮಗೂ ದೊಡ್ಡ ದಿನವೇ. 1956ರಲ್ಲಿ ಅದೇ ತಾರೀಖಿನಂದು ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡಗಳು ಒಂದಾದುವು. ಚಳವಳಿ ನಡೆಯಿತು, ಆಯೋಗ ಕುಳಿತಿತು, ಪಾರ್ಲಿಮೆಂಟು ಕಾನೂನು ಮಾಡಿತು. ಆದರೆ ಯಾರನ್ನೂ ಭಾಷೆಗಾಗಿ, ಮತಕ್ಕಾಗಿ ಗಡಿ ದಾಟಿಸಲಿಲ್ಲ. ಅದು ಎಷ್ಟು ದೊಡ್ಡ ಭಾಗ್ಯವೆಂಬುದು ತುರ್ಕಿಯ ಕಥೆ ಓದಿದ ಮೇಲೆ ನನಗೆ ತಿಳಿಯಿತು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ತುರ್ಕಿಯ ಮೊಮ್ಮಗ ಅಜ್ಜನ ಕಾಗದ ಓದಲಾರದೆ ಹೋದದ್ದು ಸರಕಾರದ ಆಜ್ಞೆಯಿಂದ. ಪರಸ್ಥಳದಲ್ಲಿರುವ ನಮ್ಮ ಮಕ್ಕಳು ಅಜ್ಜನ ಕಾಗದ ಓದಲಾರದೆ ಹೋದರೆ ಆಜ್ಞೆ ಮಾಡಿದವರು ಯಾರೂ ಇಲ್ಲ. ಅದು ನಮ್ಮ ಉದಾಸೀನದ ಫಲ. ಕರಿಹಲಗೆ ಹಿಡಿದು ಯಾವ ಅಧ್ಯಕ್ಷನೂ ನಮ್ಮ ಮನೆಗೆ ಬರಲಾರ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅ ಆ ಇ ಈ ತಿದ್ದಿಸುವ ಕೆಲಸ ನಮ್ಮದೇ.